ಕ್ಲೆಮೆನ್ಸ್ ವಾನ್ ಪಿರ್ಕೆ

ಕ್ಲೆಮೆನ್ಸ್ ವಾನ್ ಪಿರ್ಕೆ (ಮೇ 12, 1874 – ಫೆಬ್ರವರಿ 28, 1929) ಆಸ್ಟ್ರಿಯಾ ದೇಶದ ಪ್ರಸಿದ್ಧ ಮಕ್ಕಳ ವೈದ್ಯರು ಮತ್ತು ರೋಗನಿರೋಧಶಾಸ್ತ್ರಜ್ಞರು. ಗುಣಪಡಿಸಬೇಕಾದ ಔಷಧವೇ ಕೆಲವರ ಮೈಮೇಲೆ ದದ್ದು, ಊತಗಳನ್ನು ಏಕೆ ಎಬ್ಬಿಸುತ್ತದೆ ಎಂಬ ಪ್ರಶ್ನೆಗೆ ಜೈವಿಕ ಕಾರಣವನ್ನು ತೋರಿಸಿಕೊಟ್ಟ ಮೊದಲಿಗರಲ್ಲಿ ಇವರು ಒಬ್ಬರು. ಅಲರ್ಜಿ ಎಂಬ ಪದವನ್ನು ರೂಪಿಸಿದವರೂ ಇವರೇ.

ಜನನ, ವಿದ್ಯಾಭ್ಯಾಸ

ಪಿರ್ಕೆಯವರು ವಿಯೆನ್ನಾ ಸಮೀಪದ ಹಿರ್ಶ್‌ಸ್ಟೆಟನ್‌ನಲ್ಲಿ ಜನಿಸಿದರು. ಮೊದಲು ದೇವತಾಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಅಭ್ಯಸಿಸಿ, ಅನಂತರ ವೈದ್ಯಶಾಸ್ತ್ರದತ್ತ ತಿರುಗಿದರು. 1900ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ವಿಯೆನ್ನಾದ ಮಕ್ಕಳ ಚಿಕಿತ್ಸಾಲಯದಲ್ಲಿ ಥಿಯೋಡೋರ್ ಎಶರಿಕ್ ಅವರ ಕೈಕೆಳಗೆ ಸೇವೆಗೆ ಸೇರಿದರು.

ಸೀರಮ್ ಕಾಯಿಲೆಯ ಸಂಶೋಧನೆ

ಆ ಕಾಲದಲ್ಲಿ ಡಿಫ್ತೀರಿಯಾ ಪೀಡಿತ ಮಕ್ಕಳಿಗೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಮ್ ಚುಚ್ಚಲಾಗುತ್ತಿತ್ತು. ಅದು ಪ್ರಾಣ ಉಳಿಸುತ್ತಿದ್ದರೂ, ಸುಮಾರು 8ರಿಂದ 12 ದಿನಗಳ ಬಳಿಕ ಕೆಲವು ಮಕ್ಕಳಲ್ಲಿ ಜ್ವರ, ದದ್ದು, ಕೀಲುನೋವು ಕಾಣಿಸಿಕೊಳ್ಳುತ್ತಿದ್ದವು. ಎರಡನೆಯ ಸಲ ಚುಚ್ಚಿದಾಗ ಇವು ಬಹುಬೇಗ ತಲೆದೋರುತ್ತಿದ್ದವು. ಸೀರಮ್ ವಿಷವಾಗಿದ್ದರೆ ಇಂತಹ ವಿಳಂಬಕ್ಕೆ ಕಾರಣವಿರಲಿಲ್ಲ. ಪರಕೀಯ ಪ್ರೋಟೀನಿನ ವಿರುದ್ಧ ದೇಹವು ಪ್ರತಿಕಾಯಗಳನ್ನು ನಿರ್ಮಿಸಲು ತೆಗೆದುಕೊಳ್ಳುವ ಕಾಲವೇ ಆ ವಿಳಂಬವೆಂದೂ, ಇವೆರಡರ ಸಂಯೋಗದಿಂದಲೇ ಕಾಯಿಲೆ ಉಂಟಾಗುವುದೆಂದೂ ಪಿರ್ಕೆಯವರು ಪ್ರತಿಪಾದಿಸಿದರು. ಸಹೋದ್ಯೋಗಿ ಬೇಲಾ ಶಿಕ್ ಅವರೊಡನೆ 1905ರಲ್ಲಿ ಈ ಕುರಿತ ಗ್ರಂಥವನ್ನು ಪ್ರಕಟಿಸಿದರು. ರಕ್ಷಣೆ ಮತ್ತು ಹಾನಿ ಎರಡೂ ದೇಹದ ಬದಲಾದ ಪ್ರತಿಕ್ರಿಯೆಯ ರೂಪಗಳೆಂದು ತಿಳಿಸಲು 1906ರಲ್ಲಿ ಗ್ರೀಕ್ ಮೂಲದಿಂದ ಅಲರ್ಜಿ ಪದವನ್ನು ರಚಿಸಿದರು. 1907ರಲ್ಲಿ ಕ್ಷಯರೋಗದ ಸೋಂಕನ್ನು ಗುರುತಿಸುವ ಚರ್ಮಪರೀಕ್ಷೆಯನ್ನು ಪ್ರಕಟಿಸಿದರು.

ನಂತರದ ಜೀವನ

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಹಾಗೂ ಬ್ರೆಸ್ಲಾವ್ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಿದ್ದು, 1911ರಲ್ಲಿ ಎಶರಿಕ್ ಅವರ ಉತ್ತರಾಧಿಕಾರಿಯಾಗಿ ವಿಯೆನ್ನಾಕ್ಕೆ ಮರಳಿದರು. ಮೊದಲನೆಯ ಮಹಾಯುದ್ಧದ ಅನಂತರ ಹಸಿವಿನಿಂದ ಬಳಲುತ್ತಿದ್ದ ಆಸ್ಟ್ರಿಯಾದ ಮಕ್ಕಳಿಗೆ ಅಮೆರಿಕದ ನೆರವಿನಿಂದ ಆಹಾರ ಒದಗಿಸುವ ಕಾರ್ಯದ ಹೊಣೆ ಹೊತ್ತರು. 1929ರಲ್ಲಿ ಪತ್ನಿಯೊಡನೆ ಆತ್ಮಹತ್ಯೆ ಮಾಡಿಕೊಂಡರು.

ಮಹತ್ವ

ಔಷಧಜನ್ಯ ತೀವ್ರ ಚರ್ಮರೋಗಗಳೆಲ್ಲವೂ ಒಂದೇ ಬಗೆಯವಲ್ಲ. ಚರ್ಮ ಸುಲಿದುಹೋಗುವ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್‌ನಲ್ಲಿ ಮುಖ್ಯ ಪಾತ್ರ ಪ್ರತಿಕಾಯಗಳದ್ದಲ್ಲ, ಟಿ ಕೋಶಗಳದ್ದು. ಕಾರ್ಬಮಜೆಪಿನ್ ಔಷಧದಿಂದ ಬರುವ ಈ ರೋಗಕ್ಕೂ ಎಚ್‌ಎಲ್‌ಎ-ಬಿ 15:02 ಎಂಬ ಆನುವಂಶಿಕ ಗುಣಕ್ಕೂ ಇರುವ ಬಲವಾದ ಸಂಬಂಧ 2004ರಲ್ಲಿ ಬೆಳಕಿಗೆ ಬಂದಿತು. ಆದರೂ ಹಾನಿಯ ಮೂಲವನ್ನು ಔಷಧದಲ್ಲಷ್ಟೇ ಅಲ್ಲದೆ ರೋಗಿಯ ದೇಹದ ಪ್ರತಿಕ್ರಿಯೆಯಲ್ಲಿಯೂ ಹುಡುಕಬೇಕೆಂಬ ಪಿರ್ಕೆಯವರ ದೃಷ್ಟಿ ಇಂದಿಗೂ ಪ್ರಸ್ತುತವಾಗಿದೆ.