ವೈರಸ್ಸಿನ ಕವಚವನ್ನು ಅರಿತವರು – ರೋಸಲಿಂಡ್ ಫ್ರಾಂಕ್ಲಿನ್

ಸುವರ್ಣ ಮಹೋತ್ಸವದ ಸಂಭ್ರಮದಲ್ಲಿರುವ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಇಲ್ಲಿ ಹಲವು ವರ್ಷ ವಿಜ್ಞಾನವನ್ನು ಬೋಧಿಸಿದ ನನಗೆ ಮೊದಲು ನೆನಪಾದ ಹೆಸರು ರೋಸಲಿಂಡ್ ಫ್ರಾಂಕ್ಲಿನ್. ಡಿ.ಎನ್.ಎ. ರಚನೆಯ ಶೋಧದಲ್ಲಿ ಸಲ್ಲಬೇಕಾದ ಗೌರವ ಸಲ್ಲದೆ ಹೋದ ಮಹಿಳೆಯೆಂದು ಅನೇಕರು ಅವರನ್ನು ಬಲ್ಲರು. ಆದರೆ ತಮ್ಮ ಬಾಳಿನ ಕೊನೆಯ ಐದು ವರ್ಷಗಳನ್ನು ಅವರು ವೈರಸ್ಸುಗಳ ಅಧ್ಯಯನಕ್ಕೆ ಮೀಸಲಿಟ್ಟರೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದನ್ನು ಇಲ್ಲಿ ನಿರೂಪಿಸುವುದು ನನ್ನ ಉದ್ದೇಶ.

ಫ್ರಾಂಕ್ಲಿನ್ ಅವರು 1920ರ ಜುಲೈ 25ರಂದು ಲಂಡನ್ನಿನ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. 1938ರಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪೂರ್ಣಪ್ರಮಾಣದ ಪದವಿಯನ್ನು ಕೊಡತೊಡಗಿದ್ದು 1948ರಲ್ಲಿ ಎಂಬುದನ್ನು ನೆನೆದರೆ ಅಂದಿನ ವಿದ್ಯಾರ್ಥಿನಿಯರ ಪರಿಸ್ಥಿತಿ ನಮಗೆ ಅರ್ಥವಾದೀತು. ಯುದ್ಧಕಾಲದಲ್ಲಿ ಅವರು ಕಲ್ಲಿದ್ದಲಿನೊಳಗಿನ ಸೂಕ್ಷ್ಮ ರಂಧ್ರಗಳನ್ನು ಕುರಿತು ಸಂಶೋಧನೆ ನಡೆಸಿ 1945ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಪ್ಯಾರಿಸ್ಸಿನಲ್ಲಿದ್ದು ಕ್ಷ-ಕಿರಣಗಳ ಮೂಲಕ ವಸ್ತುಗಳ ಒಳರಚನೆಯನ್ನು ತಿಳಿಯುವ ವಿದ್ಯೆಯಲ್ಲಿ ಪರಿಣತಿ ಗಳಿಸಿದರು.

1951ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ ಅವರಿಗೆ ದೊರೆತ ವಿಷಯ ಡಿ.ಎನ್.ಎ. 1952ರ ಮೇ ತಿಂಗಳಲ್ಲಿ ಅವರೂ ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗರೂ ತೆಗೆದ 51ನೆಯ ಛಾಯಾಚಿತ್ರ ಇಂದು ಜಗತ್ಪ್ರಸಿದ್ಧ. ಆ ಚಿತ್ರವನ್ನು ಸಹೋದ್ಯೋಗಿ ಮಾರಿಸ್ ವಿಲ್ಕಿನ್ಸರು 1953ರ ಜನವರಿಯಲ್ಲಿ ಫ್ರಾಂಕ್ಲಿನ್ ಅವರಿಗೆ ತಿಳಿಸದೆಯೇ ಜೇಮ್ಸ್ ವಾಟ್ಸನ್ನರಿಗೆ ತೋರಿಸಿದರು. ವಾಟ್ಸನ್ ಮತ್ತು ಕ್ರಿಕ್ ರಚಿಸಿದ ಮಾದರಿ ಅದೇ ವರ್ಷದ ಏಪ್ರಿಲ್ 25ರಂದು ಪ್ರಕಟವಾಯಿತು. ಅಷ್ಟರಲ್ಲಿ ಫ್ರಾಂಕ್ಲಿನ್ ಆ ಕಾಲೇಜನ್ನು ಬಿಟ್ಟು, ಜೆ.ಡಿ. ಬರ್ನಾಲರ ಆಹ್ವಾನದ ಮೇರೆಗೆ ಬರ್ಕ್‌ಬೆಕ್ ಕಾಲೇಜನ್ನು ಸೇರಿದ್ದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಹೊಗೆಸೊಪ್ಪಿನ ಮೊಸಾಯಿಕ್ ರೋಗದ ವೈರಸ್ಸನ್ನು. ಎಲೆಗಳ ಮೇಲೆ ತಿಳಿ ಹಸುರು, ಕಡು ಹಸುರು ಮಚ್ಚೆಗಳನ್ನು ಮೂಡಿಸುವ ಈ ರೋಗದ ಸಸ್ಯರಸವು ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದ ಮೂಲಕ ಹಾದ ಮೇಲೂ ಸೋಂಕನ್ನು ಉಳಿಸಿಕೊಂಡಿರುತ್ತದೆ ಎಂಬುದನ್ನು ರಷ್ಯದ ಇವಾನೋವ್‌ಸ್ಕಿ 1892ರಲ್ಲಿಯೇ ಕಂಡಿದ್ದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಆ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಅದು ಒಂದು ಸಣ್ಣ ಕಡ್ಡಿ. ಅದರಲ್ಲಿ ಪ್ರೋಟೀನೂ ಆರ್.ಎನ್.ಎ. ಎಂಬ ನ್ಯೂಕ್ಲಿಯಿಕ್ ಆಮ್ಲವೂ ಇವೆ ಎಂಬುದು ಗೊತ್ತಾಗಿತ್ತು. ಅವು ಪರಸ್ಪರ ಹೇಗೆ ಹೊಂದಿಕೊಂಡಿವೆ ಎಂಬುದು ಮಾತ್ರ ಬಿಡಿಸಬೇಕಾದ ಒಗಟಾಗಿತ್ತು.

ಫ್ರಾಂಕ್ಲಿನ್ ಅವರೂ 1954ರಲ್ಲಿ ಅವರ ಜೊತೆಗೂಡಿದ ಆರನ್ ಕ್ಲುಗ್ ಅವರೂ ಈ ಒಗಟನ್ನು ಹಂತ ಹಂತವಾಗಿ ಬಿಡಿಸಿದರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲೇ ನ್ಯಾನೋಮೀಟರ್. ಈ ವೈರಸ್ಸಿನ ಉದ್ದ 300 ನ್ಯಾನೋಮೀಟರ್, ದಪ್ಪ ಕೇವಲ 18. ಪೂರ್ಣರೂಪದ ಕಡ್ಡಿಗಳೆಲ್ಲ ಒಂದೇ ಉದ್ದದವು ಎಂದು ಫ್ರಾಂಕ್ಲಿನ್ 1955ರಲ್ಲಿ ಪ್ರಕಟಿಸಿದಾಗ ಆ ಕ್ಷೇತ್ರದ ಹಿರಿಯರಾದ ನಾರ್ಮನ್ ಪಿರಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಫ್ರಾಂಕ್ಲಿನ್ ತಮ್ಮ ನಿಲುವಿನಿಂದ ಕದಲಲಿಲ್ಲ. ಕಾಲಾಂತರದಲ್ಲಿ ಅವರ ಮಾತೇ ನಿಂತಿತು.

ಆ ಕಡ್ಡಿಯ ಹೊರಗೋಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಸುಮಾರು 2130 ಪ್ರೋಟೀನ್ ತುಣುಕುಗಳಿಂದ ಕಟ್ಟಲ್ಪಟ್ಟಿದೆ. ಸುರುಳಿ ಮೆಟ್ಟಿಲಿನಂತೆ ಅವು ಒಂದರ ಪಕ್ಕದಲ್ಲೊಂದು ಜೋಡಣೆಗೊಂಡು ಮೂರು ಸುತ್ತಿಗೆ 49ರಂತೆ ಮೇಲೇರುತ್ತವೆ. ಒಂದೇ ಬಗೆಯ ಇಟ್ಟಿಗೆ ಏಕೆ? ಇದಕ್ಕೆ ಉತ್ತರ ಮಿತವ್ಯಯದಲ್ಲಿದೆ. ಪ್ರತಿಯೊಂದು ತುಣುಕಿನಲ್ಲಿ 158 ಅಮೈನೋ ಆಮ್ಲಗಳು, ಒಂದೊಂದಕ್ಕೂ ಆರ್.ಎನ್.ಎ.ಯ ಮೂರು ಅಕ್ಷರಗಳು ಬೇಕು. 2130 ತುಣುಕುಗಳೂ ಬೇರೆ ಬೇರೆಯಾಗಿದ್ದರೆ ಸುಮಾರು ಹತ್ತು ಲಕ್ಷ ಅಕ್ಷರಗಳು ಬೇಕಾಗುತ್ತಿದ್ದುವು. ಈ ವೈರಸ್ಸಿನಲ್ಲಿರುವುದಾದರೋ ಸುಮಾರು 6400 ಮಾತ್ರ. ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸಿದರೆ ಐನೂರರೊಳಗಣ ಅಕ್ಷರಗಳಲ್ಲಿ ಇಡೀ ಕವಚದ ಕೆಲಸ ಮುಗಿಯುತ್ತದೆ.

ಕವಚವೆಂದ ಕೂಡಲೇ ತೋಟಗಳ ನಡುವೆ ಬೆಳೆದ ನಮಗೆ ಸಿಪ್ಪೆಯೊಳಗಿನ ಅಡಿಕೆಯ ನೆನಪಾಗುವುದು ಸಹಜ. ಹೊರಗೆ ಪ್ರೋಟೀನು, ನಟ್ಟನಡುವೆ ಆರ್.ಎನ್.ಎ. ಇದ್ದೀತೆಂದು ನಾವೂ ಊಹಿಸುತ್ತಿದ್ದೆವು. ಆದರೆ ಕಡ್ಡಿಯ ನಡುಭಾಗ ಪೊಳ್ಳು ಎಂಬುದನ್ನು ಡೊನಾಲ್ಡ್ ಕ್ಯಾಸ್ಪರ್ ತೋರಿಸಿದರು, ಆರ್.ಎನ್.ಎ. ಆ ಪೊಳ್ಳಿನಲ್ಲಿಲ್ಲ, ನಡುವಿನಿಂದ 4 ನ್ಯಾನೋಮೀಟರ್ ದೂರದಲ್ಲಿ ಪ್ರೋಟೀನಿನ ಗೋಡೆಯೊಳಗೇ ಸುರುಳಿಯಾಗಿ ಹುದುಗಿದೆ ಎಂದು ಫ್ರಾಂಕ್ಲಿನ್ ಸಾಧಿಸಿದರು. 1956ರಲ್ಲಿ ಈ ಎರಡೂ ಲೇಖನಗಳು ಜೊತೆಯಾಗಿಯೇ ಪ್ರಕಟವಾದುವು.

ಅದೇ ವರ್ಷ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಗಳ ನಡುವೆಯೂ ಅವರು ಪ್ರಯೋಗಾಲಯಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ತಮ್ಮ ತಂಡದ ಸಂಶೋಧನೆಗೆ ಹಣ ನಿಂತುಹೋಗುವ ಭೀತಿ ಎದುರಾದಾಗ ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆಗೆ ಬರೆದು 1957ರಲ್ಲಿ ನೆರವನ್ನು ದೊರಕಿಸಿಕೊಂಡರು. ತಾವು ಎಷ್ಟು ಕಾಲ ಬದುಕುವೆವೆಂಬ ಭರವಸೆಯಿಲ್ಲದವರು ಜೊತೆಗಾರರ ಮುಂದಿನ ವರ್ಷಗಳಿಗಾಗಿ ಹೀಗೆ ಶ್ರಮಿಸಿದ್ದು ನನಗೆ ಅವರ ಎಲ್ಲ ಶೋಧಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ಅಪಾಯಕಾರಿಯಾದ ಪೋಲಿಯೋ ವೈರಸ್ಸಿನ ಅಧ್ಯಯನವನ್ನೂ ಅವರು ಆಗಲೇ ಆರಂಭಿಸಿದ್ದರು.

1958ರ ಏಪ್ರಿಲ್ 16ರಂದು, 37ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮರುದಿನ ಬ್ರಸೆಲ್ಸಿನಲ್ಲಿ ಆರಂಭವಾದ ವಿಶ್ವ ಪ್ರದರ್ಶನದಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ವೈರಸ್ಸಿನ ದೊಡ್ಡ ಮಾದರಿಯು ಜನರೆದುರು ನಿಂತಿತ್ತು.

ಪೋಲಿಯೋ ಕಾರ್ಯವನ್ನು ಕ್ಲುಗ್ ಮತ್ತು ಜಾನ್ ಫಿಂಚ್ ಮುಂದುವರಿಸಿದರು. ಆ ವೈರಸ್ಸಿನ ದುಂಡನೆಯ ಕವಚ ಇಪ್ಪತ್ತು ಮುಖಗಳ ಘನಾಕೃತಿಯ ಸಮತೆಯುಳ್ಳದ್ದೆಂದು 1959ರಲ್ಲಿ ಪ್ರಕಟಿಸಿ ಆ ಲೇಖನವನ್ನು ಫ್ರಾಂಕ್ಲಿನ್ ಅವರ ನೆನಪಿಗೆ ಅರ್ಪಿಸಿದರು. 1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೂ 1982ರಲ್ಲಿ ಕ್ಲುಗ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಮೃತರಿಗೆ ಆ ಪಾರಿತೋಷಕವಿಲ್ಲ.

1995ರಲ್ಲಿ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾದ ಬಳಿಕ ನಮ್ಮ ತಾಯಂದಿರು ಕಂಕುಳಲ್ಲಿ ಕೂಸುಗಳನ್ನೆತ್ತಿಕೊಂಡು ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಎರಡು ಹನಿಗಳು ಮಗುವಿನ ರಕ್ತಕ್ಕೆ ಗುರುತು ಮಾಡಿಕೊಟ್ಟದ್ದು ಈ ಪ್ರೋಟೀನ್ ಕವಚವನ್ನೇ. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಲಂಡನ್ನಿನ ವಿಲ್ಸ್‌ಡೆನ್ ಸ್ಮಶಾನದಲ್ಲಿರುವ ಅವರ ಸಮಾಧಿಶಿಲೆಯಲ್ಲಿ ಡಿ.ಎನ್.ಎ.ಯ ಮಾತಿಲ್ಲ, ವೈರಸ್ಸುಗಳನ್ನು ಕುರಿತ ಸಂಶೋಧನೆಯಿಂದ ಮನುಕುಲಕ್ಕಾದ ಉಪಕಾರವನ್ನಷ್ಟೇ ಅಲ್ಲಿ ಸ್ಮರಿಸಲಾಗಿದೆ. ನಮ್ಮ ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿರುವ ವಿಜ್ಞಾನಿಗಳ ಸಾಲಿನಲ್ಲಿ ಈ ಮಹನೀಯೆಯ ಭಾವಚಿತ್ರಕ್ಕೂ ಒಂದು ಸ್ಥಳವಿರಲಿ, ನಮ್ಮ ಹೆಣ್ಣುಮಕ್ಕಳು ಅದನ್ನು ದಿನವೂ ಕಾಣಲಿ ಎಂಬುದು ಈ ಶುಭಾವಸರದಲ್ಲಿ ನನ್ನ ವಿನಮ್ರ ಕೋರಿಕೆ.