ಹೊಳೆಯ ಅಂಬಿಗನಾದ ಚೌಡಯ್ಯನ ಚರಿತ್ರೆ

ಕುಣಿಗಲ್ ದೊಡ್ಡಕೆರೆಯಲ್ಲಾಗಲಿ ಗುಬ್ಬಿಯ ಕೆರೆಯಲ್ಲಾಗಲಿ ಬೆಳಗಿನ ಹೊತ್ತು ಬಲೆ ಎಳೆಯುವವರನ್ನು ನೀವು ನೋಡಿದ್ದೀರಿ. ಬಲೆ ಬರಿದಾಗಿ ಬಂದರೂ ಅವರು ಅದನ್ನು ಒದರಿ, ಹರಿದ ಕಣ್ಣುಗಳನ್ನು ಹೆಣೆದು, ಮರಳಿ ನೀರಿಗೆ ಬೀಸುವರು. ಗಲಿಲಾಯ ಸಮುದ್ರದ ತೀರದಲ್ಲಿ ನಮ್ಮ ಕರ್ತನು ತನ್ನ ಮೊದಲನೆಯ ಶಿಷ್ಯರನ್ನು ಕರೆದದ್ದು ಇಂಥ ಕೆಲಸದ ನಡುವೆಯೇ. ಹೀಗಿದ್ದರೂ ಕೆಲವು ಯೌವನಸ್ಥರು ನಾಲ್ಕಕ್ಷರ ಕಲಿತ ಮೇಲೆ, ತಮ್ಮ ಹಿರಿಯರು ಬೆಸ್ತರಾಗಿದ್ದರೆಂದು ಹೇಳುವದಕ್ಕೆ ನಾಚುವದನ್ನು ನಾವು ಕಂಡಿದ್ದೇವೆ. ಅಂಥವರಿಗೋಸ್ಕರ ಕನ್ನಡ ನಾಡಿನ ಒಬ್ಬ ಅಂಬಿಗನ ಸಂಗತಿಯನ್ನು ಬರೆಯುತ್ತೇವೆ. ಆತನು ಕ್ರೈಸ್ತನಲ್ಲ, ಶಿವಭಕ್ತನು. ಆದರೂ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರಿಂದ ಕೂಡಿಸಿ 1924ರಲ್ಲಿ ಪ್ರಕಟಿಸಲಿಲ್ಲವೇ? ನಾಡಿನ ಹಿರಿಯರ ಮಾತಿಗೆ ಕಿವಿಗೊಡುವದರಲ್ಲಿ ನಮಗೆ ನಷ್ಟವೇನೂ ಇಲ್ಲ.

ಅಂಬಿಗರ ಚೌಡಯ್ಯನು 12ನೆಯ ಶತಮಾನದಲ್ಲಿ, ಕಲ್ಯಾಣದ ಬಸವಣ್ಣನ ಕಾಲದಲ್ಲಿ ಬಾಳಿದವನು. ಹೊಳೆ ದಾಟಿಸುವದು ಆತನ ಕಸಬು. ನಮ್ಮ ತುಮಕೂರು ಸೀಮೆಯಲ್ಲಿ ಕೆರೆಗಳೇ ಹೆಚ್ಚು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆಯನ್ನು ಬಹು ದಿನ ಕಾಲ್ನಡೆಯಲ್ಲಿಯೇ ದಾಟಬಹುದು. ತುಂಗಭದ್ರೆ ಹಾಗಲ್ಲ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿದ ಮೇಲೆ ಅದು ಮಳೆಗಾಲದಲ್ಲಿ ದಡ ಕಾಣದಂತೆ ಹರಿಯುವದು.

ಹರಿಗೋಲೆಂಬದು ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದರ ಹೊರಗೆ ತೊಗಲಿನ ಹೊದಿಕೆ ಇರುತ್ತಿತ್ತು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಹಾಕುವ ಕೈ ತಪ್ಪಿದರೆ ಬುಗುರಿಯಂತೆ ಸುತ್ತುವದು. ಮಲೆನಾಡಿನ ಕೆಂಪು ನೀರು ಇಳಿದು ಬಂದಾಗ ಅಂಬಿಗನು ಎದುರು ದಡಕ್ಕೆ ನೆಟ್ಟಗೆ ಹೊರಡುವದಿಲ್ಲ. ಮೊದಲು ದಡದ ಗುಂಟ ಸೆಳವಿಗೆ ಎದುರಾಗಿ ಮೇಲಕ್ಕೆ ಒಯ್ಯುವನು. ಅಲ್ಲಿಂದ ಬಿಟ್ಟರೆ ಸೆಳವೇ ಓರೆಯಾಗಿ ಕೊಂಡುಹೋಗಿ ಆಚೆಯ ರೇವಿಗೆ ಮುಟ್ಟಿಸುವದು. ಹೊಸಬರು ಇದನ್ನರಿಯದೆ ದಾರಿ ತಪ್ಪಿತೆಂದು ಕೂಗುವರು. ನಡುಹೊಳೆಯಲ್ಲಿ ಸಾಹುಕಾರನೂ ಪುರೋಹಿತನೂ ಕೂಲಿಯವನೂ ಒಂದೇ ಬುಟ್ಟಿಯಲ್ಲಿ ಮೊಣಕಾಲು ಮಡಿಸಿ, ಅಂಬಿಗನ ಮುಖವನ್ನೇ ನೋಡುತ್ತಾ ಕೂತಿರುವರು. ದಿನವೂ ಇದನ್ನು ಕಂಡವನಿಗೆ ಕುಲದ ದೊಡ್ಡಸ್ತಿಕೆಯ ತೂಕ ಎಷ್ಟೆಂದು ತಿಳಿಯದೆ ಇದ್ದೀತೇ?

ಆತನಿಗೆ ತನ್ನ ಹೊಳೆಯೇ ಗ್ರಂಥವಾಯಿತು. ಲೋಕದ ಬಾಳು ತುಂಬಿದ ಹೊಳೆಯೆಂತಲೂ, ದೇವರನ್ನು ನಂಬಿ ನಡತೆಯನ್ನು ತಿದ್ದಿಕೊಂಡವನೇ ದಡ ಸೇರುವನೆಂತಲೂ ಆತನು ಬೋಧಿಸಿದನು. ತೀರ್ಥದಲ್ಲಿ ಮುಳುಗುವದು, ಉಪವಾಸದ ಆಡಂಬರ, ಕಲ್ಲುಮರಗಳಿಗೆ ಅಡ್ಡಬೀಳುವದು, ಇವುಗಳನ್ನು ಖಂಡಿಸಿದನು. ಆತನ ಮಾತು ಬಹಳ ಒರಟು. ಕಪಟ ಭಕ್ತರನ್ನು ಕೆರದಿಂದ ಹೊಡೆಯಬೇಕೆನ್ನುವಷ್ಟು ಕೋಪ ಆತನಿಗಿತ್ತು. ಬಸವಣ್ಣನ ಮೃದುತ್ವವು ಅಲ್ಲಿಲ್ಲ. ಈ ಕೋಪವೆಲ್ಲವನ್ನೂ ನಾವು ಮೆಚ್ಚಲಾರೆವು. ಆದರೆ ಹೊಳೆಯ ಅಬ್ಬರದಲ್ಲಿ ಕೂಗಿ ಮಾತಾಡಿ ರೂಢಿಯಾದವನು ಮನೆಯಲ್ಲಿಯೂ ಕೂಗಿಯೇ ಮಾತಾಡುವನಷ್ಟೆ.

ಮುಖ್ಯವಾದ ಒಂದು ಸಂಗತಿ ಇನ್ನೂ ಉಂಟು. ಆ ಕಾಲದ ಶರಣರು ವಚನದ ಕೊನೆಯಲ್ಲಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಡುತ್ತಿದ್ದರು. ಬಸವಣ್ಣನದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಚೌಡಯ್ಯನಾದರೋ ತನ್ನ ಹೆಸರನ್ನೇ ಇಟ್ಟನು. ಹೆಸರಿನೊಂದಿಗೆ ಕಸಬನ್ನೂ ಇಟ್ಟನು. ಆತನವೆಂದು ನಮಗೆ ದೊರೆತಿರುವ ವಚನಗಳು 270ಕ್ಕಿಂತ ಹೆಚ್ಚು. ಜನರು ಹಳಿಯುವದಕ್ಕೆ ಆಡುತ್ತಿದ್ದ ಅಂಬಿಗನೆಂಬ ಮಾತನ್ನು ಆತನು ತನ್ನ ಮುದ್ರೆಯನ್ನಾಗಿ ಮಾಡಿಕೊಂಡನು. ಶರಣರು ಆತನನ್ನು ತಮ್ಮ ಪಂಕ್ತಿಯಲ್ಲಿ ಸೇರಿಸಿಕೊಂಡರು. ನಿಜಶರಣನೆಂಬ ಬಿರುದು ಇಂದಿಗೂ ಆತನ ಹೆಸರಿನ ಮುಂದೆ ನಿಂತಿದೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲೆ ಚೌಡಯ್ಯದಾನಪುರವೆಂಬ ಗ್ರಾಮವಿದೆ. ಅಲ್ಲಿ ಕಲ್ಲಿನಲ್ಲಿ ಕಟ್ಟಿದ ಮುಕ್ತೇಶ್ವರ ದೇವಾಲಯವಿದೆ. ಹೊಳೆಯ ಅಂಚಿನಲ್ಲಿ ಚೌಡಯ್ಯನ ಐಕ್ಯಸ್ಥಾನವೂ ಇದೆ. ಆ ಊರು ಹೊತ್ತಿರುವದು ಅಂಬಿಗನ ಹೆಸರನ್ನು.