ಮುಮ್ಮಡಿ ಕೃಷ್ಣರಾಜ ಒಡೆಯರ್ ಹಾಗೂ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ

ಮನೆಯ ದೇವರ ಕೋಣೆಯಲ್ಲಿಟ್ಟು ಪೂಜಿಸುವ, ಕೈಯಿಂದ ಬರೆದು ಚಿನ್ನದ ರೇಕು ಹಚ್ಚಿದ ದೇವತಾಚಿತ್ರಗಳು ಇಂದು ಮೈಸೂರು ಶೈಲಿಯ ಚಿತ್ರಗಳೆಂದು ಪ್ರಸಿದ್ಧವಾಗಿವೆ. ಈ ಕಲೆಗೆ ನಿರ್ದಿಷ್ಟ ರೂಪ ಹಾಗೂ ಶಾಸ್ತ್ರದ ಆಧಾರ ದೊರೆತದ್ದು ಮೈಸೂರು ಸಂಸ್ಥಾನದ ಅರಸರಾಗಿದ್ದ ಶ್ರೀ ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ರವರ ಆಶ್ರಯದಲ್ಲಿ. ರಾಜ್ಯಾಧಿಕಾರವನ್ನು ಕಳೆದುಕೊಂಡ ಮೇಲೂ ಅವರು ಈ ಆಶ್ರಯವನ್ನು ನಿಲ್ಲಿಸಲಿಲ್ಲವೆಂಬುದು ಅವರ ಜೀವನದ ವಿಶೇಷ.

ಈ ಕಲೆಯ ಬೇರುಗಳು ಮೈಸೂರಿಗೆ ಬಹುದೂರದಲ್ಲಿ, ಉತ್ತರ ಕರ್ನಾಟಕದಲ್ಲಿಯೇ ಇವೆ. ಲೋಕಾಪುರ, ಮುಧೋಳ, ಜಮಖಂಡಿಗಳನ್ನೊಳಗೊಂಡ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ, ಕ್ರಿ.ಶ. 578ರ ಚಾಲುಕ್ಯ ಮಂಗಳೇಶನ ಕಾಲದ ವೈಷ್ಣವ ಗುಹೆಯೊಳಗೆ ವರ್ಣಚಿತ್ರಗಳ ಅವಶೇಷಗಳಿವೆ. ಮುಂದೆ ವಿಜಯನಗರದ ಅರಸರು ಚಿತ್ರಗಾರರಿಗೆ ವಿಪುಲ ಆಶ್ರಯ ನೀಡಿದರು. 1565ರಲ್ಲಿ ಕೃಷ್ಣಾ ತೀರದ ರಕ್ಕಸಗಿ-ತಂಗಡಗಿಗಳ ನಡುವೆ ನಡೆದ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ ಈ ಕುಟುಂಬಗಳು ಆಶ್ರಯವನ್ನರಸಿ ಚದುರಿಹೋದವು. ಕೆಲವರು ತಂಜಾವೂರಿಗೂ ಕೆಲವರು ಸುರಪುರಕ್ಕೂ ಹೋದರೆ, ಇನ್ನು ಕೆಲವರು ಶ್ರೀರಂಗಪಟ್ಟಣವನ್ನು ಸೇರಿದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ್‌ರವರಿಂದ ಈ ಮನೆತನಗಳಿಗೆ ಮೈಸೂರಿನಲ್ಲಿ ನೆಲೆ ಸಿಕ್ಕಿತೆಂಬುದು ಪರಂಪರೆಯ ಮಾತು.

ಕೃಷ್ಣರಾಜ ಒಡೆಯರ್‌ರವರು 1794ನೇ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಎರಡು ವರ್ಷ ತುಂಬುವ ವೇಳೆಗೆ ತಂದೆ ಖಾಸಾ ಚಾಮರಾಜ ಒಡೆಯರ್ ನಿಧನರಾದರು. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ನಂತರ ಈಸ್ಟ್ ಇಂಡಿಯಾ ಕಂಪನಿಯು ಈ ಐದು ವರ್ಷದ ಬಾಲಕನನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿತು. ಪಟ್ಟಾಭಿಷೇಕವು ಅದೇ ವರ್ಷ ಜೂನ್ 30ರಂದು ಜರುಗಿತು. ಅಜ್ಜಿ ಲಕ್ಷ್ಮಮ್ಮಣ್ಣಿಯವರ ರಕ್ಷಣೆಯಲ್ಲಿ ಅರಸರು ಬೆಳೆದರು. ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು.

ಅಂದಿನ ಒಪ್ಪಂದದ ಲೆಕ್ಕವನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಅರಸರ ಮುಂದಿನ ಬದುಕನ್ನು ನಿರ್ಧರಿಸಿದ್ದು ಅದೇ. ಮೈಸೂರು ಪ್ರತಿವರ್ಷ ಕಂಪನಿಗೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು ಸಲ್ಲಿಸಬೇಕಾಗಿತ್ತು. ಹಣ ಬರುವುದು ಸಂದೇಹವೆಂದು ಕಂಡುಬಂದಲ್ಲಿ ಕಂಪನಿಯು ಆಡಳಿತವನ್ನೇ ವಹಿಸಿಕೊಳ್ಳಬಹುದಾಗಿತ್ತು. ಆಗ ಅರಸರಿಗೆ ಉಳಿಯುತ್ತಿದ್ದುದು ಒಂದು ಲಕ್ಷ ಪಗೋಡ ಹಾಗೂ ನಿವ್ವಳ ಆದಾಯದ ಐದನೆಯ ಒಂದು ಭಾಗ. ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾದಾಗ ಖಜಾನೆ ತುಂಬಿತ್ತು. ಅರಸರು ದಾನಶೀಲರು. ದೇವಾಲಯ, ಛತ್ರ, ವಿದ್ವಾಂಸರು, ಕಲಾವಿದರು ಎಂದು ಖರ್ಚು ಬೆಳೆಯಿತು; ಕಂದಾಯದ ಆಡಳಿತ ಸಡಿಲಾಯಿತು. 1830-31ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆಯೆದ್ದರು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್‌ರವರು ಆಡಳಿತವನ್ನು ಕಮಿಷನರರಿಗೆ ವಹಿಸಿದರು. ಕಂಪನಿಯ ಲೆಕ್ಕದಲ್ಲಿ ದೋಷವೆನಿಸಿದ ಈ ಔದಾರ್ಯವನ್ನು ಕನ್ನಡನಾಡು ಬೇರೆ ದೃಷ್ಟಿಯಿಂದ ನೋಡಿದೆಯಾದರೂ, ತೆರಿಗೆಯ ಭಾರ ಹೊತ್ತ ರೈತನ ಕಷ್ಟವನ್ನು ಮರೆಯುವಂತಿಲ್ಲ.

ಆಗ ಅರಸರ ವಯಸ್ಸು 37. ಮುಂದಿನ 37 ವರ್ಷಗಳ ಕಾಲ ಅವರು ಮೈಸೂರಿನ ಅರಮನೆಯಲ್ಲಿ ಬಿರುದಿಗೆ ಮಾತ್ರ ಅರಸರಾಗಿ ಉಳಿದರು. ರಾಜ್ಯವನ್ನು ಹಿಂದಿರುಗಿಸುವಂತೆ ಪದೇ ಪದೇ ಮನವಿ ಸಲ್ಲಿಸುತ್ತಲೇ ಬಂದರು. ಇತ್ತ 1833ರಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಇದೇ ಶಾಲೆ. 1861ರಲ್ಲಿ ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. ಅದರ ಗೋಡೆಗಳ ಮೇಲೆ ದಸರಾ ಮೆರವಣಿಗೆ, ರಾಜವಂಶದ ವೃಕ್ಷ ಹಾಗೂ ಅರಸರಿಗೆ ಪ್ರಿಯವಾಗಿದ್ದ ಚದುರಂಗದ ಬಂಧಗಳನ್ನು ಬರೆಸಲಾಯಿತು.

ಚಿತ್ರಕಲೆಗೆ ಅವರ ಅತಿ ದೊಡ್ಡ ಕೊಡುಗೆ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳು ಇದರಲ್ಲಿವೆ. ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ಬಣ್ಣ, ಯಾವ ವಾಹನ ಎಂಬುದನ್ನು ಧ್ಯಾನಶ್ಲೋಕಗಳ ಆಧಾರದಿಂದ ಸಂಗ್ರಹಿಸಿ ಚಿತ್ರಸಹಿತ ತೋರಿಸಲಾಗಿದೆ. ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳೂ ಇವೆ. ಅಲ್ಲಿಯವರೆಗೆ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಹೋಗುತ್ತಿದ್ದ ತಿಳಿವಳಿಕೆಯ ಬಹುಭಾಗವು ಹೀಗೆ ಒಂದೆಡೆ ಬರವಣಿಗೆಗೆ ಇಳಿಯಿತು. ಪೂಜೆಯ ಚಿತ್ರದಲ್ಲಿ ಲಕ್ಷಣ ತಪ್ಪಿದರೆ ಅದನ್ನು ಮನೆಗೆ ತರಲು ಗೃಹಸ್ಥರು ಒಪ್ಪುತ್ತಿರಲಿಲ್ಲವಾದ್ದರಿಂದ, ಚಿತ್ರಗಾರನಿಗೆ ಇದು ಅತ್ಯಂತ ಉಪಯುಕ್ತವಾದ ಆಧಾರ.

ಚಿತ್ರ ಸಿದ್ಧಪಡಿಸುವ ಕ್ರಮ ನಿಧಾನವಾದುದು. ಹಲಗೆಯ ಮೇಲೆ ಕಾಗದ ಅಥವಾ ಬಟ್ಟೆಯನ್ನು ಅಂಟಿಸಿ, ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಬರೆಯುತ್ತಿದ್ದರು. ಎಲೆ, ಖನಿಜ, ಕಲ್ಲುಗಳಿಂದ ಬಣ್ಣ ತೆಗೆದು, ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮ ಕೆಲಸ ಮಾಡುತ್ತಿದ್ದರು. ಆಭರಣ, ಪ್ರಭಾವಳಿ, ಸೆರಗಿನ ಅಂಚು ಇರುವಲ್ಲಿ ಬಿಳಿಯ ಸಫೇದ ಪುಡಿಯನ್ನು ಅಂಟಿನೊಡನೆ ಅರೆದು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಅಪ್ಪಟ ಚಿನ್ನದ ರೇಕನ್ನು ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿದ್ದು ಹರಳುಗಳನ್ನೂ ಕೂರಿಸುತ್ತಾರೆ. ಮೈಸೂರಿನಲ್ಲಿ ಉಬ್ಬು ಬಹಳ ತಗ್ಗು, ರೇಖೆಗೇ ಪ್ರಾಧಾನ್ಯ. ಶ್ರೀರಾಮ ಪಟ್ಟಾಭಿಷೇಕ, ರಾಜರಾಜೇಶ್ವರಿ, ದಶಾವತಾರ, ಚಾಮುಂಡೇಶ್ವರಿ ಚಿತ್ರಗಳು ಮನೆಗಳಲ್ಲಿ ಹೆಚ್ಚಾಗಿ ಪೂಜೆಗೊಂಡವು.

ಅರಸರಿಗೆ ಔರಸ ಉತ್ತರಾಧಿಕಾರಿ ಇರಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಈ ದತ್ತುವಿಗೆ ಬ್ರಿಟಿಷರ ಮಾನ್ಯತೆ ದೊರೆತದ್ದು 1867ರಲ್ಲಿ. ಮರುವರ್ಷ ಮಾರ್ಚ್ 27ರಂದು ಅರಸರು ನಿಧನರಾದರು. ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದ್ದು 1881ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ.

ಅವರ ನಂತರ ಚಿತ್ರಗಾರರು ಮತ್ತೊಮ್ಮೆ ಚದುರಿದರು. 1894ರಲ್ಲಿ ಮುಂಬಯಿ ಸಮೀಪ ರಾಜಾ ರವಿವರ್ಮರ ಮುದ್ರಣಾಲಯ ಆರಂಭಗೊಂಡ ಬಳಿಕ ಅಗ್ಗದ ಬಣ್ಣದ ಪಟಗಳು ಎಲ್ಲೆಡೆ ಹರಡಿದವು. ಸಾಮಾನ್ಯ ಕುಟುಂಬಕ್ಕೂ ದೇವರ ಪಟ ಕೈಗೆಟುಕಿತೆಂಬುದು ಅದರ ಒಳ್ಳೆಯ ಮುಖ. ಕೈಯಿಂದ ಬರೆಯುವವನ ಕೆಲಸ ಹೋಯಿತೆಂಬುದು ಇನ್ನೊಂದು. ಆದರೂ ಕೆಲವು ಮನೆತನಗಳು ಈ ವಿದ್ಯೆಯನ್ನು ಬಿಡಲಿಲ್ಲ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಹಳೆಯ ಚಿತ್ರಗಳನ್ನು ಸಂಗ್ರಹಿಸಿದೆ. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.